ಸದ್ದು ಆರುವ ಹೊತ್ತು

ನಮ್ಮ ಊರಿನಲ್ಲಿ ಆಡಿದ ಮಾತು ಆರುವುದಕ್ಕೆ ಹೊತ್ತು ಹಿಡಿಯುತ್ತದೆ. ಬಯಲಿನಲ್ಲಾದರೆ ಗಾಳಿ ಅದನ್ನು ಐದಾರು ನಿಮಿಷದಲ್ಲಿ ಒಯ್ಯುತ್ತದೆ. ಕಿಟಕಿ ತೆರೆದ ಕೋಣೆಯಲ್ಲಿ ಅರ್ಧ ಗಂಟೆ ಬೇಕು. ಮುಚ್ಚಿದ ಕೋಣೆಯಲ್ಲಿ ಎಷ್ಟೆಂದು ಹೇಳುವುದು ಕಷ್ಟ. ಆದ್ದರಿಂದ ನಮ್ಮಲ್ಲಿ ಗಂಡ ಹೆಂಡಿರು ಜಗಳವಾಡುವುದಿದ್ದರೆ ಹಿತ್ತಿಲಿಗೆ ಹೋಗುತ್ತಾರೆ. ಮದುವೆಯ ವಾಲಗದವರು ಚಪ್ಪರದ ಹೊರಗೆ ಕೂರುತ್ತಾರೆ. ಸಭೆಗಳಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಎರಡೂ ಕೈ ಮೇಲೆತ್ತಿ ಬೆರಳಾಡಿಸುತ್ತಾರೆ. ತಟ್ಟಿದರೆ ಮುಂದೆ ಮಾತನಾಡುವವರ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಉಳಿದದ್ದನ್ನು ಕಿವಿಗಳು ನೋಡಿಕೊಳ್ಳುತ್ತವೆ. ಇಲ್ಲಿ ಹುಟ್ಟಿದ ಮಗು ಐದು ವರ್ಷ ತುಂಬುವುದರೊಳಗೆ ಹಳೆಯ ಸದ್ದನ್ನು ಕೇಳದೆ ಇರುವುದನ್ನು ಕಲಿಯುತ್ತದೆ. ಮಗ್ಗಿ ಕಲಿಯುವುದು ಆಮೇಲೆ.

ನಾನು ಈ ಊರಿನ ಪ್ರೌಢಶಾಲೆಯಲ್ಲಿ ಮೂವತ್ತೆಂಟು ವರ್ಷ ಗಣಿತ ಕಲಿಸಿದವನು. ನಿವೃತ್ತನಾದ ಮೇಲೆ, ಹತ್ತೊಂಬತ್ತು ವರ್ಷಗಳಿಂದ, ಗಣಿತ ಸಮ್ಮೇಳನದ ಕಾರ್ಯದರ್ಶಿ. ಸಮ್ಮೇಳನ ವರ್ಷಕ್ಕೊಮ್ಮೆ, ಪುರಸಭೆಯ ಸಭಾಂಗಣದಲ್ಲಿ, ಮೂರು ದಿನ ನಡೆಯುತ್ತದೆ. ಒಂದು ಪ್ರಬಂಧಕ್ಕೆ ಇಪ್ಪತ್ತು ನಿಮಿಷ. ಇಪ್ಪತ್ತನೆಯ ನಿಮಿಷ ಮುಗಿದಾಗ ನಾನು ಕೆಂಪು ಬಾವುಟ ಎತ್ತುತ್ತೇನೆ. ಹನ್ನೆರಡು ಕಿಟಕಿಗಳನ್ನು ತೆರೆದು ಸಭಾಂಗಣಕ್ಕೆ ಗಾಳಿ ಹಾಯಿಸುತ್ತಾರೆ. ಉದ್ಘಾಟನೆಯ ನಂತರ, ಆ ವೇದಿಕೆಯ ಮೇಲೆ, ಬರೆದವರೇ ನಿಂತು ಮಂಡಿಸಿದ ಪ್ರಬಂಧ ಮಾತ್ರ ಸಮ್ಮೇಳನದ ಕಡತಕ್ಕೆ ಸೇರುತ್ತದೆ. ಈ ನಿಯಮಗಳನ್ನು ಬರೆದವನು ನಾನು. ಬಾವುಟದ ಕಾರಣಕ್ಕೆ ನನ್ನನ್ನು ಹಿಂದಿನಿಂದ ಗಾರ್ಡ್ ಮೇಷ್ಟ್ರು ಎನ್ನುತ್ತಾರೆಂಬುದೂ ನನಗೆ ಗೊತ್ತು.

ಈ ಸಲದ ಸಮ್ಮೇಳನಕ್ಕೆ ಐದು ತಿಂಗಳು ಮೊದಲು ಅಂಚೆಯಲ್ಲಿ ಒಂದು ಪ್ರಬಂಧ ಬಂತು. ಬರೆದವರು ಅಚಲಾ ಎಂಬುವರು. ದೂರದ ಊರಿನವರು, ಯಾವ ಕಾಲೇಜಿನಲ್ಲಿಯೂ ಕೆಲಸದಲ್ಲಿಲ್ಲ. ಆಯತಾಕಾರದ ಒಂದು ಅಂಗಳಕ್ಕೆ ಒಂದೇ ಅಳತೆಯ ಚಪ್ಪಡಿಗಳನ್ನು ಎಷ್ಟು ಬಗೆಯಲ್ಲಿ ಹಾಸಬಹುದು ಎಂಬ ಪ್ರಶ್ನೆ ನಮ್ಮ ಕಡತದ ಮೊದಲ ಪುಟದಿಂದಲೂ ಉತ್ತರವಿಲ್ಲದೆ ಉಳಿದಿತ್ತು. ಆಕೆ ಇಪ್ಪತ್ತಾರು ಸಾಲುಗಳಲ್ಲಿ ಉತ್ತರಿಸಿದ್ದರು. ನಾನು ನಾಲ್ಕು ತಿಂಗಳು ಪರಿಶೀಲಿಸಿದೆ. ತಪ್ಪು ಸಿಕ್ಕಲಿಲ್ಲ. ಬಂದು ಮಂಡಿಸಬೇಕೆಂದು ಬರೆದೆ. ಅದಕ್ಕೆ ಬಂದ ಉತ್ತರ ಚಿಕ್ಕದು.

‘ನನಗಿರುವುದು ಆಟಿಸಂ ಎಂದು ವೈದ್ಯರು ಹೇಳಿದ್ದಾರೆ, ನಾನು ಹುಟ್ಟಿನಿಂದಲೂ ಹೀಗೆಯೇ ಇದ್ದೇನೆ. ಮಿಣುಕುವ ಟ್ಯೂಬ್‌ಲೈಟು, ಹಾರಗಳ ವಾಸನೆ, ಹಲವರು ಒಟ್ಟಿಗೆ ಆಡುವ ಮಾತು ನನ್ನೊಳಗೆ ಒಂದೇ ಸಲ ನುಗ್ಗುತ್ತವೆ. ಆಮೇಲೆ ನನಗೆ ಮಾತು ಹೊರಡುವುದಿಲ್ಲ. ಮೂರು ಸಮ್ಮೇಳನಗಳಿಂದ ಪ್ರಬಂಧ ಓದದೆ ಎದ್ದುಬಂದಿದ್ದೇನೆ. ನಿಮ್ಮಲ್ಲಿ ಹೋಗಿ ಕೂರುವುದಕ್ಕೆ ಒಂದು ಮೌನದ ಕೋಣೆ ಇದ್ದರೆ ಬರುತ್ತೇನೆ. ಇದಾದ ಮೇಲೆ ಇನ್ನೊಮ್ಮೆ ಪ್ರಯತ್ನಿಸುವುದಿಲ್ಲ.’

ಸ್ವಾಗತ ಸಮಿತಿಯ ಸಂಚಾಲಕಿ ಜುಬೇದಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಇಲ್ಲಿಯ ಕಾಲೇಜಿನಲ್ಲಿ ಉಪನ್ಯಾಸಕಿ. ಎಳೆತನದಲ್ಲಿ ಪೋಲಿಯೊ ತಗುಲಿ ಎಡಗಾಲು ಸೊರಗಿದೆ. ಊರುಗೋಲು ಹಿಡಿದು ನಡೆಯುತ್ತಾಳೆ. ಪತ್ರ ಓದಿ ಆಕೆ ಮಾಡಬೇಕಾದ ಕೆಲಸಗಳನ್ನು ಎರಡು ಪುಟದ ತುಂಬ ಬರೆದುಕೊಂಡು ಬಂದಳು.

“ಇದು ಸಮ್ಮೇಳನವೋ ಆರೈಕೆ ಕೇಂದ್ರವೋ?” ಎಂದೆ.

“ಮೇಷ್ಟ್ರೇ, ನಮ್ಮ ಸಭಾಂಗಣಕ್ಕೆ ಎಷ್ಟು ಮೆಟ್ಟಿಲು?”

“ಒಂಬತ್ತು.”

“ನಾನು ಎಷ್ಟು ವರ್ಷದಿಂದ ಬರ್ತಿದೀನಿ?”

“ಹತ್ತೊಂಬತ್ತು. ವರ್ಷಕ್ಕೆ ಮೂರು ದಿನ.”

“ದಿನಕ್ಕೆ ಒಂದೇ ಸಲ ಹತ್ತಿದೆ ಅಂತಿಟ್ಕೊಳ್ಳಿ.”

“ಐನೂರ ಹದಿಮೂರು.”

“ಇಳಿದಿದ್ದು ಯಾರು ಸೇರಿಸ್ತಾರೆ?”

“ಸಾವಿರದ ಇಪ್ಪತ್ತಾರು.”

“ಅಷ್ಟರಲ್ಲಿ ಒಂದು ಮೆಟ್ಟಿಲಿನ ಮೇಲಾದ್ರೂ ನಿಂತು ಹಿಂದೆ ತಿರುಗಿ ನೋಡಿದ್ರಾ, ಜುಬೇದಾ ಎಲ್ಲಿ ಬಂದ್ಳು ಅಂತ?”

ಲೆಕ್ಕ ಸರಿಯಾಗಿತ್ತು. ಎರಡು ಪುಟಕ್ಕೂ ರುಜು ಹಾಕಿದೆ.

ಮರದ ಕೆಲಸಕ್ಕೆ ಕಾಳಾಚಾರಿ ಬಂದ. ಮೊದಲನೆಯ ಕೆಲಸ ಮೆಟ್ಟಿಲಿನ ಪಕ್ಕಕ್ಕೆ ಇಳಿಜಾರಿನ ಹಾದಿ. ಒಂದಡಿ ಏರುವುದಕ್ಕೆ ಹನ್ನೆರಡಡಿ ಉದ್ದ ಬೇಕೆಂದು ಜುಬೇದಾ ಪುಸ್ತಕ ತೋರಿಸಿದಳು. ಒಂಬತ್ತು ಮೆಟ್ಟಿಲು, ಒಂದೊಂದೂ ಆರಂಗುಲ. ಹಾದಿ ಐವತ್ತನಾಲ್ಕು ಅಡಿಯಾಗಬೇಕು ಎಂದೆ.

“ಐವತ್ನಾಕಡೀನಾ! ಹೋಗಿ ಹೋಗಿ ಬಸ್‌ಸ್ಟ್ಯಾಂಡ್ ಮುಟ್ತದೆ ಮೇಷ್ಟ್ರೇ. ಮೂವತ್ತಕ್ಕೆ ಮುಗಿಸ್ಲಾ? ಒಂಚೂರು ಕಡಿದಾಗ್ತದೆ, ಅಷ್ಟೇಯ.”

“ಹನ್ನೆರಡಕ್ಕೆ ಒಂದು,” ಎಂದೆ. ಲೆಕ್ಕದಲ್ಲಿ ‘ಒಂಚೂರು’ ಎಂಬ ಸಂಖ್ಯೆ ಇಲ್ಲ.

ಅವನು ಗೊಣಗಿಕೊಂಡೇ ಹಾದಿಯನ್ನು ಎರಡು ಕಡೆ ಮಡಚಿ ಐವತ್ತನಾಲ್ಕು ಅಡಿ ಕಟ್ಟಿದ. ಆಮೇಲೆ ಟ್ಯೂಬ್‌ಲೈಟುಗಳನ್ನು ಕಳಚಿ ಹಳದಿ ಬಲ್ಬು ಹಾಕಿದರು. ಹೂವಿನ ಹಾರದ ಬದಲು ನೂಲಿನ ಹಾರ ಬಂತು. ಪ್ರತಿ ಸಾಲಿನ ತುದಿಯಲ್ಲಿ ಎರಡು ಕುರ್ಚಿ ತೆಗೆಸಿ ಗಾಲಿಕುರ್ಚಿಗೆ ಜಾಗ ಬಿಟ್ಟೆವು. ಪ್ರಬಂಧಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಮೊದಲೇ ಹಂಚುವುದೆಂದು ತೀರ್ಮಾನವಾಯಿತು. ಕೇಳಿಸದವರು ಓದಿಕೊಳ್ಳಲಿ, ಕೇಳಿ ಮರೆಯುವವರೂ ಓದಿಕೊಳ್ಳಲಿ. ಕೊನೆಗೆ ಮೌನದ ಕೋಣೆ. ಸಭಾಂಗಣದ ಹಿಂದಿನ ಉಗ್ರಾಣವನ್ನು ಖಾಲಿ ಮಾಡಿಸಿ, ಅದರ ಒಂದೇ ಕಿಟಕಿಯನ್ನು ಹಲಗೆಯಿಂದ ಮುಚ್ಚಿ, ನಾಲ್ಕು ಗೋಡೆಗೂ ಹತ್ತಿಯ ಹಾಸಿಗೆ ಜಡಿದು, ಬಾಗಿಲಿಗೆ ಕಂಬಳಿ ಹೊದಿಸಿದೆವು. ಹೊರಗಿನ ಒಂದು ಪಿಸುಮಾತೂ ಒಳಗೆ ಬರುವಂತಿರಲಿಲ್ಲ. ಕಾಳಾಚಾರಿ ಮೂರು ದಿನ ದುಡಿದು ಸಮ್ಮೇಳನದ ಹಿಂದಿನ ದಿನ ಬೆಳಿಗ್ಗೆ ಕೊನೆಯ ಮೊಳೆ ಹೊಡೆದ. ಸಮಿತಿಯವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದು, ಇಂಥ ಮೌನ ಊರಿನಲ್ಲೇ ಇಲ್ಲ ಎಂದರು. ನಾನೂ ಹೋಗಿ ನೋಡಿದೆ. ಹೌದೆಂದೆ.

ಅದೇ ದಿನ ಮಧ್ಯಾಹ್ನ ಎರಡು ಗಂಟೆಯ ಬಸ್ಸಿಗೆ ಅಚಲಾ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು. ಹೆಗಲಿಗೆ ಬಟ್ಟೆಯ ಚೀಲ, ಕಿವಿಗಳ ಮೇಲೆ ದಪ್ಪನೆಯ ಮುಚ್ಚಿಗೆ. ನನ್ನ ಮುಖ ನೋಡದೆ, ನನ್ನ ಅಂಗಿಯ ಗುಂಡಿ ನೋಡುತ್ತ, “ನಮಸ್ಕಾರ. ಕೋಣೆ ಎಲ್ಲಿ?” ಎಂದು ಕೇಳಿದರು. ಉಪಚಾರದ ಮಾತಿಲ್ಲದ ಆ ಪ್ರಶ್ನೆ ನನಗೆ ಹಿಡಿಸಿತು. ಕರೆದೊಯ್ದು ಬಾಗಿಲು ತೋರಿಸಿದೆವು. ಅವರು ಒಳಹೊಕ್ಕು ಕಿವಿಯ ಮುಚ್ಚಿಗೆ ತೆಗೆದು ಬಾಗಿಲು ಹಾಕಿಕೊಂಡರು.

ಮೂರು ನಿಮಿಷಕ್ಕೆ ಬಾಗಿಲು ತೆರೆಯಿತು. ಎರಡೂ ಕೈಗಳಿಂದ ಕಿವಿ ಒತ್ತಿಹಿಡಿದು ಹೊರಬಂದರು. ಮುಖ ಬಿಳಿಚಿಕೊಂಡಿತ್ತು. ನೆಟ್ಟಗೆ ನಡೆದು ಇಳಿಜಾರಿನ ಹಾದಿಯ ಕೆಳತುದಿಯಲ್ಲಿ ಕುಳಿತು, ಹಿಂದಕ್ಕೂ ಮುಂದಕ್ಕೂ ತೂಗತೊಡಗಿದರು. ಜುಬೇದಾ ಏನಾಯಿತೆಂದು ಕೇಳಿದ್ದಕ್ಕೆ ತುಟಿ ಅಲುಗಿತು, ಮಾತು ಬರಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು, ‘ಆ ಕೋಣೆ ಬೇಡ. ನಾಲ್ಕೂವರೆ ಬಸ್ಸಿಗೆ ಹೋಗುತ್ತೇನೆ’ ಎಂದಷ್ಟೇ ಬರೆದುಕೊಟ್ಟರು.

ನಾನು ಒಳಗೆ ಹೋಗಿ ನಿಂತೆ. ಏನೂ ಇರಲಿಲ್ಲ. ಕಾಳಾಚಾರಿಯೂ ಒಳಗೆ ಹೋಗಿ ಬಂದ. “ಏನೂ ಇಲ್ವಲ್ಲ ಮೇಷ್ಟ್ರೇ. ಹೆಣ ಮಲಗಿದಂಗದೆ.”

ಊಟದ ಉಸ್ತುವಾರಿಯ ಚೆನ್ನವೀರಪ್ಪ ಬಾಗಿಲಲ್ಲೇ ನಿಂತು, “ಇಷ್ಟು ಮಾಡಿಕೊಟ್ಟರೂ ನಖರಾ ನೋಡ್ರಿ,” ಎಂದ.

“ಚೆನ್ನವೀರಪ್ಪ, ಆ ಮಾತು ಆಡಿದ ಜಾಗದಲ್ಲೇ ಅರ್ಧ ಗಂಟೆ ಇರುತ್ತೆ. ಅವರು ಇತ್ತ ಬಂದ್ರೆ ಕೇಳಿಸುತ್ತೆ. ಬೀಸಣಿಗೆ ತಗೊಂಡು ಅದನ್ನ ಆಚೆ ಓಡಿಸು,” ಎಂದಳು ಜುಬೇದಾ. ಅವನು ನಿಜವಾಗಿಯೂ ಬೀಸಣಿಗೆ ತಂದ.

ಆ ಹೊತ್ತಿಗೆ ಪಿಂಟೋ ಬಂದರು. ಫ್ರಾನ್ಸಿಸ್ ಪಿಂಟೋ ಕರಾವಳಿಯ ಕಡೆಯ ಉಪನ್ಯಾಸಕರು; ಹುಟ್ಟಾ ಕಿವುಡರು; ಕಿಸೆಯ ಪುಸ್ತಕದಲ್ಲಿ ಬರೆದೇ ಮಾತನಾಡುವವರು. ಮೂರು ವರ್ಷಗಳಿಂದ ತಪ್ಪದೆ ಬರುತ್ತಾರೆ. ಚಪ್ಪಾಳೆ ಕಣ್ಣಿಗೆ ಕಾಣುವ ಊರು ಇದೊಂದೇ ಎಂದು ಒಮ್ಮೆ ಬರೆದು ತೋರಿಸಿದ್ದರು. ನಡೆದದ್ದನ್ನು ಜುಬೇದಾ ಬರೆದು ತಿಳಿಸಿದಳು. ಅವರು ಕೋಣೆಯೊಳಗೆ ಹೋಗಿ ಗೋಡೆಯ ಹಾಸಿಗೆಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಹಾಗೆಯೇ ನಿಂತಿದ್ದು, ಹೊರಬಂದು ನನ್ನ ಮೇಜಿನ ಮೇಲೆ ಗೆಣ್ಣಿನಿಂದ ತಟ್ಟಿ ತೋರಿಸಿದರು. ಮೂರು ಏಟು ಬಿರುಸಾಗಿ, ಒಂದು ಬಿಡುವು, ಒಂದು ಭಾರಿ ಏಟು. ಮತ್ತೆ ಮೂರು, ಬಿಡುವು, ಒಂದು.

ಕಾಳಾಚಾರಿಯ ಬಾಯಿ ತೆರೆದುಕೊಂಡಿತು. “ಅಯ್ಯಯ್ಯೋ, ಅದು ನನ್ ಏಟು! ಮೂರು ಹೊಡೆದು, ಮೊಳೆ ಸೆಟ್ಟಾಯ್ತಾ ನೋಡಿ, ನಾಕನೇದು ಬಿಗೀತೀನಿ. ನಮ್ಮಪ್ಪ ಕಲಿಸಿದ್ದು.”

ಆಗ ನಮಗೆ ನಮ್ಮ ತಪ್ಪು ತಿಳಿಯಿತು. ಒಂದು ಸದ್ದೂ ಒಳಗೆ ಬರಬಾರದೆಂದು ಬಿಗಿಯಾಗಿ ಕಟ್ಟಿದ ಕೋಣೆಯಿಂದ, ಕಟ್ಟುವಾಗ ಮಾಡಿದ ಒಂದು ಸದ್ದೂ ಹೊರಗೆ ಹೋಗಿರಲಿಲ್ಲ. ಮೂರು ದಿನದ ಸುತ್ತಿಗೆ ಏಟು ಹತ್ತಿಯೊಳಗೆ ಹಾಗೆಯೇ ಕುಳಿತಿತ್ತು. ಅದನ್ನು ಕೇಳದೆ ಇರುವುದು ನಮಗೆ ಅಭ್ಯಾಸ. ಆ ಅಭ್ಯಾಸವಿಲ್ಲದ ಒಬ್ಬರನ್ನು ಕರೆತಂದು ನಾವು ಅದರೊಳಗೆ ಕೂರಿಸಿದ್ದೆವು.

ನಾನು ಮತ್ತೆ ಒಳಗೆ ಹೋಗಿ ಬಾಗಿಲು ಮುಚ್ಚಿ ಕುಳಿತೆ. ಎಪ್ಪತ್ತೆರಡು ವರ್ಷದ ಹಿಂದೆ ಕಲಿತದ್ದನ್ನು ಬಿಡುವುದು ಸುಲಭವಲ್ಲ. ಮೊದಲು ಏನೂ ಕೇಳಲಿಲ್ಲ. ಆಮೇಲೆ ದೂರದಿಂದೆಂಬಂತೆ ಏಟುಗಳು, ಬರಬರುತ್ತ ಹತ್ತಿರ, ಕೊನೆಗೆ ನಾಲ್ಕೂ ಗೋಡೆಗಳಿಂದ ಒಟ್ಟಿಗೆ. ಹಲ್ಲು ಕಚ್ಚಿಕೊಂಡು ಕುಳಿತೆ. ಆ ಏಟುಗಳ ಸಂದಿನಲ್ಲಿ ಒಂದು ಮಾತೂ ಇತ್ತು. ಮುದುಕನ ದನಿ, ಒಣ ದನಿ. “ಮೌನವೇ ಬೇಕಿದ್ದವರು ಮನೆಯಲ್ಲಿ ಇದ್ದಿದ್ದರೆ ಆಗುತ್ತಿತ್ತು. ಒಬ್ಬರಿಗೋಸ್ಕರ ಇಷ್ಟು ಮೊಳೆ.”

ಅದು ನನ್ನ ದನಿ. ಎರಡನೆಯ ದಿನ ಕೆಲಸ ನೋಡಲು ಬಂದಾಗ ಆಡಿರಬೇಕು. ಆಡಿದ್ದು ನೆನಪಿರಲಿಲ್ಲ. ನೆನಪಿಲ್ಲವೆಂದ ಮಾತ್ರಕ್ಕೆ ಆಡಿದ್ದು ಇಲ್ಲವಾಗುವುದಿಲ್ಲ.

ಹೊರಬಂದಾಗ ಗಂಟೆ ಮೂರೂ ಮುಕ್ಕಾಲು. ಅಚಲಾ ಇಳಿಜಾರಿನ ತುದಿಯಲ್ಲೇ ಇದ್ದರು, ತೂಗುವುದು ನಿಂತಿತ್ತು. ಜುಬೇದಾ ಏನೂ ಮಾತನಾಡದೆ ಒಂದು ಮಾರು ದೂರದಲ್ಲಿ ಕುಳಿತಿದ್ದಳು. ನಾನು ಗಾಳಿ ಬೀಸುವ ಕಡೆ ನೋಡಿಕೊಂಡು, ನನ್ನ ಮಾತು ಅವರ ಬಳಿ ನಿಲ್ಲದಂತೆ, ಕೆಳಗಾಳಿಗೆ ನಿಂತೆ.

“ಕೋಣೆಯಲ್ಲಿ ಸುತ್ತಿಗೆಯ ಸದ್ದು ಉಳಿದಿತ್ತು. ನಮ್ಮ ತಪ್ಪು. ಒಂದು ಮಾತೂ ಉಳಿದಿತ್ತು. ಅದು ನನ್ನದು.”

“ಗೊತ್ತಾಯಿತು,” ಎಂದರು. ದನಿ ಸಣ್ಣದಾಗಿತ್ತು, ಆದರೆ ಬಂದಿತ್ತು. “ಪತ್ರದಲ್ಲಿ ನೀವು ಬೇರೆ ಥರ ಇದ್ದಿರಿ.”

“ಪತ್ರ ಬರೆಯುವಾಗ ಯೋಚಿಸುತ್ತೇನೆ.”

“ಎದ್ದುಬಂದಿದ್ದು ಆ ಮಾತಿಗಲ್ಲ,” ಎಂದರು ಅಚಲಾ. “ಅಂಥ ಮಾತು ನನಗೆ ಅಭ್ಯಾಸ. ಸುತ್ತಿಗೆ ಅಭ್ಯಾಸವಿಲ್ಲ.”

ನಾನು ಕೇಳಿದೆ: “ನಿಮಗೆ ಏನು ಬೇಕು?”

ಅವರು ಯೋಚಿಸಿದರು. “ಕೋಣೆ ನಾಳೆಗೆ ಖಾಲಿಯಾಗುತ್ತದೆಯೇ?”

“ಬಾಗಿಲು ತೆರೆದಿಟ್ಟರೂ ಹತ್ತಿಯಲ್ಲಿ ಸಿಕ್ಕಿದ ಸದ್ದು ದಿನಕ್ಕೆ ಅರ್ಧದಂತೆ ಇಳಿಯುತ್ತದೆ. ನಾಳೆ ನೀವು ಓದುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ.”

“ಸಭಾಂಗಣ?”

“ಇಡೀ ರಾತ್ರಿ ಕಿಟಕಿಗಳು ತೆರೆದಿರುತ್ತವೆ. ಬೆಳಗಿನ ಆರು ಗಂಟೆಗೆ ಅಲ್ಲಿ ಒಂದು ಸದ್ದೂ ಇರುವುದಿಲ್ಲ. ಹತ್ತಕ್ಕೆ ಉದ್ಘಾಟನೆ. ಆಮೇಲೆ ನನ್ನ ವರದಿ. ನಿಮ್ಮದು ಹನ್ನೊಂದಕ್ಕೆ.”

“ಆರಕ್ಕೆ ಓದಬಲ್ಲೆ,” ಎಂದರು ಅಚಲಾ. “ಹನ್ನೊಂದಕ್ಕೆ ಆಗುವುದಿಲ್ಲ.”

ಉದ್ಘಾಟನೆಗೆ ಮೊದಲು ಓದಿದ ಪ್ರಬಂಧ ಕಡತಕ್ಕೆ ಸೇರುವುದಿಲ್ಲ. ಕಡತಕ್ಕೆ ಸೇರದಿದ್ದರೆ ಆಕೆ ಬಂದದ್ದಕ್ಕೆ ಅರ್ಥವಿಲ್ಲ. ನಾನು ಜುಬೇದಾಳ ಕಡೆ ನೋಡಿದೆ. ಜುಬೇದಾ ಆಕಾಶದ ಕಡೆ ನೋಡಿದಳು.

“ನಿಯಮ ಯಾರು ಬರೆದಿದ್ದು ಮೇಷ್ಟ್ರೇ?”

“ನಾನು.”

“ಉದ್ಘಾಟನೆ ಅಂದ್ರೆ ಭಾಷಣ ಇರ್ಲೇಬೇಕು ಅಂತ ಬರೆದಿದೀರಾ?”

ನಾನು ಜ್ಞಾಪಿಸಿಕೊಂಡೆ. ‘ದೀಪ ಬೆಳಗಿಸುವುದರೊಂದಿಗೆ ಸಮ್ಮೇಳನವು ಉದ್ಘಾಟನೆಗೊಳ್ಳತಕ್ಕದ್ದು.’ ಭಾಷಣದ ಪ್ರಸ್ತಾಪ ಇರಲಿಲ್ಲ. ಹತ್ತೊಂಬತ್ತು ವರ್ಷ ನಾವು ಬರೆಯದ ನಿಯಮವನ್ನೇ ಹೆಚ್ಚು ಪಾಲಿಸಿದ್ದೆವು.

“ಐದೂ ಮುಕ್ಕಾಲಿಗೆ ದೀಪ,” ಎಂದೆ. “ಪಿಂಟೋ ಬೆಳಗಿಸಲಿ. ಅತಿಥಿಗಳು ಹತ್ತಕ್ಕೆ ಬಂದು ಬೇಕಾದಷ್ಟು ಮಾತನಾಡಲಿ.”

“ನಿಮ್ಮ ವರದಿ?”

“ಅಚ್ಚಾಗಿದೆ. ಹಂಚಿಬಿಡು. ಓದುವುದಿಲ್ಲ.”

“ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಒಳ್ಳೆ ಸುದ್ದಿ ಸಿಕ್ಕಿರ್ಲಿಲ್ಲ,” ಎಂದು ಜುಬೇದಾ ಊರುಗೋಲು ಎತ್ತಿಕೊಂಡಳು. ಪ್ರತಿನಿಧಿಗಳು ಇಳಿದುಕೊಂಡಿದ್ದ ನಾಲ್ಕು ವಸತಿಗೃಹಗಳಿಗೂ ಸಂಜೆಯೊಳಗೆ ಚೀಟಿ ಮುಟ್ಟಿತು.

ಬೆಳಗಿನ ಆರಕ್ಕೆ ಹನ್ನೆರಡು ಜನ ಬರಬಹುದೆಂದು ನಾನು ಅಂದಾಜು ಮಾಡಿದ್ದೆ. ಬಂದವರು ನೂರ ನಲವತ್ತಮೂರು. ಸದ್ದು ಮಾಡಬಾರದೆಂದು ಊರಿನವರು ಹೊರಗಿನವರಿಗೆ ದಾರಿಯಲ್ಲೇ ಸನ್ನೆ ಮಾಡಿ ತಿಳಿಸಿದ್ದರು. ಎಲ್ಲರೂ ಚಪ್ಪಲಿಯನ್ನು ಬೇವಿನ ಮರದ ಬುಡದಲ್ಲಿ ಬಿಟ್ಟು ಬರಿಗಾಲಿನಲ್ಲಿ ಬಂದರು. ಗಾಲಿಕುರ್ಚಿಯ ಇಬ್ಬರು ಮುಂದೆ, ಅವರ ಹಿಂದೆ ಉಳಿದವರು. ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ನಾನು ಜುಬೇದಾಳ ಜೊತೆ, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ, ಐವತ್ತನಾಲ್ಕು ಅಡಿಯನ್ನೂ ನಡೆದು ಹತ್ತಿದೆ. ಪಿಂಟೋ ದೀಪ ಬೆಳಗಿಸಿ, ನಮ್ಮ ಕಡೆ ತಿರುಗಿ, ಒಂದು ಸಲ ತಲೆಬಾಗಿದರು. ನಾನು ಕಂಡ ಉದ್ಘಾಟನೆಗಳಲ್ಲಿ ಅದು ಅತ್ಯಂತ ಅಚ್ಚುಕಟ್ಟಾದದ್ದು.

ಅಚಲಾ ಕಿವಿಯ ಮುಚ್ಚಿಗೆ ತೆಗೆದು ಮೇಜಿನ ಮೇಲಿಟ್ಟು, ಕ್ಷಣಕಾಲ ಸಭಾಂಗಣವನ್ನು ಆಲಿಸಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಬರೆಯುತ್ತ, ಬರೆದದ್ದನ್ನು ಸಣ್ಣ ದನಿಯಲ್ಲಿ ಓದುತ್ತ ಹೋದರು. ಒಂದೊಂದು ಸಾಲನ್ನೂ ಓದಿ ನಿಲ್ಲುತ್ತಿದ್ದರು. ಅದು ತಕ್ಕಮಟ್ಟಿಗೆ ಆರಿದ ಮೇಲೆ ಮುಂದಿನದು. ಬಾವುಟ ನನ್ನ ತೊಡೆಯ ಮೇಲಿತ್ತು.

ಹದಿನೇಳನೆಯ ಸಾಲಿಗೆ ಬಂದು ನಿಂತರು. ಮುಂದಿನದನ್ನು ಬರೆಯಲಿಲ್ಲ. ಹಲಗೆಯನ್ನೇ ನೋಡುತ್ತ ನಿಂತರು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ, ಕುರ್ಚಿ ಸರಿಸಲಿಲ್ಲ. ಮಾತು ಮತ್ತೆ ಹೋಯಿತೇ ಎಂದು ನನಗೆ ಭಯವಾಯಿತು. ಜುಬೇದಾ ನನ್ನ ಮೊಣಕೈ ಮುಟ್ಟಿದಳು. ಅವಳಿಗೂ ಅದೇ ಭಯ. ಅಚಲಾರ ಮುಖ ನೋಡುವುದು ಸರಿಯಲ್ಲವೆಂದು ನಾನೂ ಹಲಗೆಯನ್ನು ನೋಡಿದೆ. ಹದಿನೇಳನೆಯ ಸಾಲನ್ನು ಓದಿದೆ. ಮತ್ತೊಮ್ಮೆ ಓದಿದೆ.

ಆ ಸಾಲಿನಲ್ಲಿ ಸಮೀಕರಣದ ಎರಡೂ ಬದಿಯನ್ನು ಅಂಗಳದ ಉದ್ದ ಮತ್ತು ಅಗಲಗಳ ವ್ಯತ್ಯಾಸದಿಂದ ಭಾಗಿಸಲಾಗಿತ್ತು. ಉದ್ದವೂ ಅಗಲವೂ ಸಮನಾದ ಅಂಗಳದಲ್ಲಿ ಆ ವ್ಯತ್ಯಾಸ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು. ಇದನ್ನು ನಾನು ಮೂವತ್ತೆಂಟು ವರ್ಷ, ವರ್ಷಕ್ಕೆ ಮೂರು ತರಗತಿಗಳಿಗೆ, ಬೆತ್ತ ಹಿಡಿದು ಹೇಳಿಕೊಟ್ಟಿದ್ದೆ. ನಾಲ್ಕು ತಿಂಗಳು ಆ ಸಾಲಿನ ಮೇಲೆ ಬೆರಳಿಟ್ಟು ಸರಿ ಎಂದಿದ್ದೆ.

ಹನ್ನೊಂದು ಗಂಟೆಗೆ, ಮೂರು ಭಾಷಣಗಳ ಅವಶೇಷದ ನಡುವೆ, ನನ್ನ ಬಾವುಟಕ್ಕೆ ಹೆದರಿ ಓದಿದ್ದರೆ ಆಕೆ ಆ ಸಾಲನ್ನು ದಾಟಿ ಹೋಗುತ್ತಿದ್ದರು. ತಪ್ಪು ಕಡತಕ್ಕೆ ಸೇರುತ್ತಿತ್ತು, ಇಬ್ಬರ ಹೆಸರಿನಲ್ಲಿ.

ಅಚಲಾ ತಿರುಗಿದರು. “ಇಲ್ಲಿ ತಪ್ಪಿದೆ,” ಎಂದರು, ಹವಾಮಾನ ಹೇಳುವವರ ಹಾಗೆ. “ಚಚ್ಚೌಕದ ಅಂಗಳ ಇದರಲ್ಲಿ ಬರುವುದಿಲ್ಲ. ಸ್ವಲ್ಪ ಕಾಯಬೇಕು.”

ನೂರ ನಲವತ್ತಮೂರು ಜನ ಕಾದರು. ಆಕೆ ವೇದಿಕೆಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ, ಬೆರಳುಗಳನ್ನು ಒಂದಕ್ಕೊಂದು ತಟ್ಟಿಕೊಳ್ಳುತ್ತ ನಡೆದರು. ಕಿಟಕಿಯಲ್ಲಿ ಬಿಸಿಲು ಏರಿತು. ನಾನೂ ಮನಸ್ಸಿನಲ್ಲೇ ಚಚ್ಚೌಕವನ್ನು ಹಾಸುತ್ತಿದ್ದೆ; ಕರ್ಣದ ಉದ್ದಕ್ಕೆ ಸೀಳಿ ನೋಡಬಹುದೇನೋ ಎನ್ನುವಷ್ಟರಲ್ಲಿ ಆಕೆ ಹಲಗೆಯ ಬಳಿ ಹೋಗಿ ಕರ್ಣವನ್ನೇ ಎಳೆದರು. ಅಲ್ಲಿಂದ ಮುಂದೆ ಬಂದ ನಾಲ್ಕು ಸಾಲು ನನಗೆ ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ. ಆಮೇಲೆ ಹದಿನೆಂಟನೆಯ ಸಾಲಿಗೆ ಮರಳಿ, ಏನೂ ನಡೆಯಲಿಲ್ಲವೆಂಬಂತೆ, ಇಪ್ಪತ್ತಾರರವರೆಗೆ ಓದಿ ಮುಗಿಸಿದರು.

ಇನ್ನೂರ ಎಂಬತ್ತಾರು ಕೈಗಳು ಮೇಲೆದ್ದು ಬೆರಳಾಡಿಸಿದವು. ಆಕೆ ಮೊದಲ ಸಲ ಕಣ್ಣೆತ್ತಿ ಸಭೆಯನ್ನು ನೋಡಿದರು. ಕೈಗಳು ಇಳಿಯುವವರೆಗೂ ನೋಡಿದರು. ಆಮೇಲೆ ತಾವೂ ಎರಡು ಕೈ ಎತ್ತಿ ಹಾಗೆಯೇ ಬೆರಳಾಡಿಸಿ, ಮುಚ್ಚಿಗೆ ಹಾಕಿಕೊಂಡು, ಹಿಂದಿನ ಸಾಲಿಗೆ ಹೋಗಿ ಕುಳಿತರು.

ನಾನು ಕಡತ ತೆರೆದೆ. ಲೇಖಕರ ಹೆಸರು, ವಿಷಯ ಬರೆದೆ. ಪರಿಶೀಲಿಸಿದವರ ಅಂಕಣದಲ್ಲಿ ನನ್ನ ಹೆಸರು ಬರೆದು, ಅದರ ಕೆಳಗೆ ‘ಪರಿಶೀಲನೆಯಲ್ಲಿ ಇವರಿಗೆ ಕಾಣದ ದೋಷವನ್ನು ಲೇಖಕರೇ ವೇದಿಕೆಯಲ್ಲಿ ಕಂಡು ಸರಿಪಡಿಸಿದರು’ ಎಂದು ಸೇರಿಸಿದೆ. ಉಳಿದದ್ದು ಅವಧಿಯ ಅಂಕಣ. ಪೆನ್ನು ಅಲ್ಲಿ ನಿಂತಿತು.

“ಎಷ್ಟು ನಿಮಿಷ ಆಯ್ತು ಮೇಷ್ಟ್ರೇ?” ಎಂದು ಜುಬೇದಾ ಪಿಸುಗುಟ್ಟಿದಳು.

“ನೋಡಲಿಲ್ಲ.”

“ನೀವು?”

“ಗಡಿಯಾರ ನೋಡುವುದು ಮರೆತೆ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಅಂಕಣದಲ್ಲಿ ‘ಬೇಕಾದಷ್ಟು’ ಎಂದು ಬರೆದು ರುಜು ಹಾಕಿದೆ.